ಹಿಂದಿನ ಸೀಟಿನಲ್ಲಿ ಕುಳಿತ ಗ್ರಾಹಕ

ಹಣ ತೆರುವವನನ್ನೇ ಗ್ರಾಹಕನೆಂದು ಪರಿಗಣಿಸುವುದು ವ್ಯಾಪಾರದ ರೂಢಿ. ಬಿಲ್ಲು ಯಾರ ಹೆಸರಿಗಾಗುತ್ತದೆಯೋ ಅವರ ಹೆಸರು, ವಿಳಾಸ, ಬಾಕಿ ಎಲ್ಲವೂ ನಮ್ಮ ಖಾತೆ ಪುಸ್ತಕದಲ್ಲಿರುತ್ತವೆ. ಆತನ ಕೈ ಹಿಡಿದು ಅಂಗಡಿಗೆ ಬಂದು, ಸರಕನ್ನು ಮುಟ್ಟಿ ನೋಡಿ ಹಿಂದಿರುಗುವ ಮಗುವಿಗೆ ನಮ್ಮ ಯಾವ ಲೆಕ್ಕದಲ್ಲಿಯೂ ಸ್ಥಾನವಿಲ್ಲ. ಇಂತಹ ಮಗುವೇ ಮೂವತ್ತು ವರ್ಷಗಳ ತರುವಾಯ ಒಂದು ಇಡೀ ಉದ್ಯಮವನ್ನು ಸಲಹಬಲ್ಲುದು ಎಂಬುದಕ್ಕೆ ಅಮೆರಿಕದ ‘ಮಸಲ್ ಕಾರು’ಗಳ ಇತಿಹಾಸಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಬೇರೆ ಕಂಡಿಲ್ಲ. ಆ ಇತಿಹಾಸವನ್ನು ಸದಸ್ಯ ಮಿತ್ರರ ಮುಂದಿಟ್ಟು, ಅದರಿಂದ ನಾವು ಕಲಿಯಬೇಕಾದ ಪಾಠವೊಂದನ್ನೂ, ನಾನು ಸ್ವಂತ ನಷ್ಟದಿಂದ ಕಲಿತ ಪಾಠವೊಂದನ್ನೂ ಹೇಳುವುದು ಈ ಲೇಖನದ ಉದ್ದೇಶ.

ಮಸಲ್ ಕಾರು ಎಂದರೆ ಮಧ್ಯಮ ಗಾತ್ರದ, ಸಾಮಾನ್ಯ ಬೆಲೆಯ ಕಾರಿಗೆ ದೊಡ್ಡ ಕಾರಿನ ಎಂಟು ಸಿಲಿಂಡರಿನ ಎಂಜಿನನ್ನು ಕೂರಿಸಿದ ವಾಹನ. ಅದರ ಬೆಡಗು ನೇರ ರಸ್ತೆಯ ವೇಗದಲ್ಲಿ. ತಿರುವಿನಲ್ಲಾಗಲೀ ಬ್ರೇಕಿನಲ್ಲಾಗಲೀ ಅಲ್ಲ. ಯುರೋಪಿನ ಸ್ಪೋರ್ಟ್ಸ್ ಕಾರುಗಳಂತೆ ಅದು ಶ್ರೀಮಂತರಿಗಾಗಿ ಪ್ರತ್ಯೇಕವಾಗಿ ರೂಪುಗೊಂಡದ್ದಲ್ಲ. ಅದು ಸಂಸಾರಸ್ಥರ ಕಾರಿನ ಹೊಟ್ಟೆಯಲ್ಲಿಯೇ ಹುಟ್ಟಿತು. ಮುಂದಿನ ಕಥೆಯ ಮರ್ಮವೆಲ್ಲ ಈ ಒಂದು ಸಂಗತಿಯಲ್ಲಿದೆ.

ಕುಟುಂಬದ ಕಾರಿನ ಕಾಲ

ಎರಡನೆಯ ಮಹಾಯುದ್ಧ ಮುಗಿದ ಬಳಿಕ, 1946ರಿಂದ 1964ರವರೆಗಿನ ಅವಧಿಯಲ್ಲಿ, ಅಮೆರಿಕದಲ್ಲಿ ಸುಮಾರು 7.6 ಕೋಟಿ ಮಕ್ಕಳು ಜನಿಸಿದರು. ಇದೇ ಅವಧಿಯಲ್ಲಿ ಮಧ್ಯಮ ವರ್ಗವು ನಗರಗಳ ನಡುಭಾಗವನ್ನು ತೊರೆದು ಹೊರವಲಯದ ಬಡಾವಣೆಗಳಿಗೆ ಸರಿಯಿತು. 1956ರ ಹೆದ್ದಾರಿ ಕಾಯಿದೆಯು 41 ಸಾವಿರ ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಅನುಮೋದನೆ ನೀಡಿತು. ಶಾಲೆ, ಅಂಗಡಿ, ಚರ್ಚು, ಅಜ್ಜಿಯ ಮನೆ ಎಲ್ಲವೂ ಕಾರಿನ ದೂರಕ್ಕೆ ಹೋದವು. ಹೀಗಾಗಿ ಆ ಪೀಳಿಗೆಯ ಮಕ್ಕಳ ಬಾಲ್ಯದ ಬಹುಭಾಗ ಕಾರಿನ ಹಿಂದಿನ ಸೀಟಿನಲ್ಲಿ ಕಳೆಯಿತು ಎಂದರೆ ಅತಿಶಯೋಕ್ತಿಯಾಗದು.

ಆ ಕಾಲದ ಸ್ಟೇಷನ್ ವ್ಯಾಗನ್‌ಗಳನ್ನು ನೆನೆಯಬೇಕು. ಮರದ ಹಲಗೆಯಂತೆ ಕಾಣುವ ಪಕ್ಕೆಗಳ ಫೋರ್ಡ್ ಕಂಟ್ರಿ ಸ್ಕ್ವೈರ್, ಛಾವಣಿಯಲ್ಲಿ ಗಾಜು ಕೂರಿಸಿದ್ದ ಓಲ್ಡ್ಸ್‌ಮೊಬೈಲ್ ವಿಸ್ಟಾ ಕ್ರೂಸರ್, ಹಿಮ್ಮುಖವಾಗಿ ಕುಳಿತು ಬಿಟ್ಟು ಬಂದ ರಸ್ತೆಯನ್ನೇ ನೋಡುತ್ತ ಸಾಗಬಹುದಾಗಿದ್ದ ಮೂರನೆಯ ಸೀಟಿನ ಪ್ಲಿಮತ್ ವ್ಯಾಗನ್‌ಗಳು. ಸೀಟು ಬೆಲ್ಟಿನ ಕಟ್ಟುಪಾಡು ಇಲ್ಲದ ದಿನಗಳವು. ಬಿಸಿಲಿಗೆ ಕಾದ ವಿನೈಲ್ ಸೀಟಿನ ವಾಸನೆ, ದೂರ ಪ್ರಯಾಣದಲ್ಲಿ ಎಂಜಿನ್ನಿನ ಏಕಶ್ರುತಿ, ಶನಿವಾರದ ಬೆಳಿಗ್ಗೆ ಮನೆಯ ಮುಂದೆ ಬಾನೆಟ್ ಎತ್ತಿ ಪ್ಲಗ್ ಬಿಚ್ಚುವ ತಂದೆ, ಸ್ಪ್ಯಾನರ್ ಕೊಡಲು ಪಕ್ಕದಲ್ಲಿ ನಿಂತ ಮಗ. ಇವೆಲ್ಲ ಯಾವ ಜಾಹೀರಾತು ಸಂಸ್ಥೆಯೂ ಹಣ ಕೊಟ್ಟು ಮಾಡಿಸಲಾಗದ ಪ್ರಚಾರ. ಆ ಮಗನು ಕಾರನ್ನು ಯಂತ್ರವೆಂದು ಅರಿಯುವ ಮುನ್ನವೇ ಅದನ್ನು ಮನೆಯ ಒಂದು ಕೋಣೆಯೆಂದು ಅರಿತಿದ್ದನು.

1964: ಅದೇ ಕಾರು, ಬೇರೆ ಎದೆ

ಇಂತಹ ಮಕ್ಕಳಲ್ಲಿ ಹಿರಿಯರು 1962ರ ಸುಮಾರಿಗೆ ಹದಿನಾರು ತುಂಬಿ ಚಾಲನಾ ಪರವಾನಗಿಯ ವಯಸ್ಸಿಗೆ ಬಂದರು. ಅದೇ ಹೊತ್ತಿಗೆ ಜನರಲ್ ಮೋಟಾರ್ಸ್ ಸಂಸ್ಥೆಯು 1963ರ ಆರಂಭದಲ್ಲಿ ತನ್ನ ವಿಭಾಗಗಳು ಮೋಟಾರು ಪಂದ್ಯಗಳಲ್ಲಿ ತೊಡಗುವುದನ್ನು ನಿಷೇಧಿಸಿತು. ಪಂದ್ಯಗಳಿಂದಲೇ ಹೆಸರು ಗಳಿಸಿದ್ದ ಪಾಂಟಿಯಾಕ್ ವಿಭಾಗಕ್ಕೆ ಇದು ದೊಡ್ಡ ಪೆಟ್ಟು. ಆಗ ಅಲ್ಲಿನ ಮುಖ್ಯ ಎಂಜಿನಿಯರ್ ಆಗಿದ್ದ ಜಾನ್ ಡಿಲೋರಿಯನ್ ಮತ್ತು ಅವರ ಸಹೋದ್ಯೋಗಿಗಳು ಒಂದು ಸರಳ ಉಪಾಯ ಹುಡುಕಿದರು. ಪಾಂಟಿಯಾಕ್ ಟೆಂಪೆಸ್ಟ್ ಎಂಬುದು ಆರು ಸಿಲಿಂಡರಿನ, 140 ಅಶ್ವಶಕ್ತಿಯ, ಅತ್ಯಂತ ಸಾಧು ಸ್ವಭಾವದ ಸಂಸಾರದ ಕಾರು. ಅದರ ಮೈಯೊಳಗೆ ಸಂಸ್ಥೆಯ ದೊಡ್ಡ ಕಾರುಗಳಿಗೆ ಬಳಸುತ್ತಿದ್ದ 389 ಘನ ಅಂಗುಲದ, ಅಂದರೆ ಸುಮಾರು 6.4 ಲೀಟರಿನ ಎಂಜಿನನ್ನು ಇಳಿಸಿದರು. ಶಕ್ತಿಯು 325 ಅಶ್ವಶಕ್ತಿಗೆ ಏರಿತು. ಮೂರು ಕಾರ್ಬುರೇಟರಿನ ಆವೃತ್ತಿಯಲ್ಲಿ 348ಕ್ಕೆ.

ಇದಕ್ಕೆ ಸಂಸ್ಥೆಯ ನಿಯಮವೇ ಅಡ್ಡಿಯಾಗಿತ್ತು. ಮಧ್ಯಮ ಗಾತ್ರದ ಕಾರಿನಲ್ಲಿ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಇರಬಾರದೆಂಬುದು ಆ ನಿಯಮ. ಆದರೆ ಅದು ಮಾದರಿಗೆ ಅನ್ವಯಿಸುತ್ತಿತ್ತೇ ಹೊರತು ಗ್ರಾಹಕನು ಹೆಚ್ಚುವರಿ ಹಣ ಕೊಟ್ಟು ಆರಿಸಿಕೊಳ್ಳುವ ಸೌಲಭ್ಯಕ್ಕೆ ಅಲ್ಲ. ಆದುದರಿಂದ ಹೊಸ ಕಾರು ‘ಮಾದರಿ’ಯಾಗದೆ, ಸುಮಾರು 295 ಡಾಲರಿನ ‘ಐಚ್ಛಿಕ ಸೌಲಭ್ಯ’ವಾಗಿ ಬಿಲ್ಲಿನಲ್ಲಿ ಕಾಣಿಸಿಕೊಂಡಿತು. ಹೆಸರು ಜಿ.ಟಿ.ಓ. ಐದು ಸಾವಿರಕ್ಕಿಂತ ಹೆಚ್ಚು ಹೋಗಲಾರದೆಂದು ಮಾರಾಟ ವಿಭಾಗದ ಅಂದಾಜಿತ್ತು. ಮೊದಲ ವರ್ಷ ಹೋದದ್ದು 32,450. ಎರಡು ವರ್ಷಗಳ ತರುವಾಯ, 1966ರಲ್ಲಿ, ಈ ಸಂಖ್ಯೆ 96 ಸಾವಿರ ದಾಟಿತು.

ಇದು ಪಾಂಟಿಯಾಕ್ ಒಂದರ ಕಥೆಯಲ್ಲ. 1964ರ ಏಪ್ರಿಲ್ 1ರಂದು ಬಂದ ಪ್ಲಿಮತ್ ಬರಾಕುಡಾಕ್ಕೆ ಆಧಾರ, ಮಿತವ್ಯಯಿ ಕುಟುಂಬಗಳ ವೇಲಿಯಂಟ್. ಅದೇ ತಿಂಗಳ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಅನಾವರಣಗೊಂಡ ಫೋರ್ಡ್ ಮಸ್ಟಾಂಗಿಗೆ ಆಧಾರ, ಗೃಹಸ್ಥರ ಫಾಲ್ಕನ್. ಲೀ ಐಯಕೋಕಾ ಅವರ ಹೆಸರಿನೊಡನೆ ಬೆಸೆದುಕೊಂಡ ಮಸ್ಟಾಂಗಿನ ಆರಂಭಿಕ ಬೆಲೆ 2,368 ಡಾಲರು. ಮೊದಲ ದಿನವೇ 22 ಸಾವಿರ ಬೇಡಿಕೆಗಳು. ಮೊದಲ ಒಂದು ವರ್ಷದಲ್ಲಿ 4.18 ಲಕ್ಷ ಕಾರುಗಳ ಮಾರಾಟ. ಅದರ ಕನಿಷ್ಠ ಆವೃತ್ತಿಯಲ್ಲಿದ್ದುದು ಫಾಲ್ಕನ್ನಿನದೇ ಆರು ಸಿಲಿಂಡರಿನ ಸಾಧಾರಣ ಎಂಜಿನ್. ಮೈಯನ್ನು ಬದಲಿಸಿ, ಮೂಳೆಯನ್ನು ಹಾಗೆಯೇ ಉಳಿಸಿಕೊಂಡ ವಾಹನವದು.

1968ರ ಪ್ಲಿಮತ್ ರೋಡ್ ರನ್ನರ್ ಈ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಬೆಲ್ವೆಡೇರ್ ಎಂಬ ಸಾದಾ ಕಾರಿನಿಂದ ಅಲಂಕಾರಗಳನ್ನೆಲ್ಲ ಕಳಚಿ, ನೆಲಕ್ಕೆ ರಬ್ಬರ್ ಹಾಸಿ, 335 ಅಶ್ವಶಕ್ತಿಯ ಎಂಜಿನ್ ಕೂರಿಸಿ, 2,896 ಡಾಲರಿಗೆ ಮಾರಿದರು. ಹೆಸರಿಗಾಗಿ ವಾರ್ನರ್ ಬ್ರದರ್ಸ್ ಸಂಸ್ಥೆಗೆ 50 ಸಾವಿರ ಡಾಲರು ತೆತ್ತರು. ವ್ಯಂಗ್ಯಚಿತ್ರದ ಹಕ್ಕಿಯಂತೆ ‘ಬೀಪ್ ಬೀಪ್’ ಎನ್ನುವ ಹಾರನ್ ತಯಾರಿಕೆಗೆ ಮತ್ತೆ 10 ಸಾವಿರ. ಇಪ್ಪತ್ತು ಸಾವಿರ ಮಾರಾಟವಾದರೆ ಸಾಕೆಂದುಕೊಂಡಿದ್ದ ಸಂಸ್ಥೆಯು ಮೊದಲ ವರ್ಷವೇ ಸುಮಾರು 45 ಸಾವಿರ ಮಾರಿತು. ಬಾಲ್ಯದ ಶನಿವಾರದ ಬೆಳಗನ್ನು ಹಾರನ್ನಿನೊಳಗಿಟ್ಟು ಇಪ್ಪತ್ತರ ಯುವಕನಿಗೆ ಮಾರಿದ ಜಾಣ್ಮೆ ಅದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನೆರೆಮನೆಯ ಯುವಕನು ಕೊಂಡ ಜಿ.ಟಿ.ಓ. ಗುಡುಗುತ್ತ ಬೀದಿಯಲ್ಲಿ ಹಾದುಹೋದಾಗ, ಹತ್ತು ವರ್ಷದ ಹುಡುಗನಿಗೆ ಅದು ಎಲ್ಲಿಂದಲೋ ಬಂದ ಅಪರಿಚಿತ ವಾಹನವಾಗಿ ಕಾಣಲಿಲ್ಲ. ಅದರ ಬಾಗಿಲ ಹಿಡಿ, ಕಿಟಕಿಯ ಗಾಜು ಏರಿಸುವ ಕೈ, ಛಾವಣಿಯ ರೇಖೆ ಎಲ್ಲವೂ ತನ್ನ ತಂದೆಯ ಟೆಂಪೆಸ್ಟಿನವೇ. ತಂದೆಯ ಕಾರಿನೊಳಗೆ ಅಡಗಿದ್ದ ಮತ್ತೊಂದು ಕಾರನ್ನು ಆತ ಅಂದು ಕಂಡನು. ದುಬಾರಿ ವಿದೇಶಿ ಕಾರಿನ ಮೇಲೆ ಹುಟ್ಟುವುದು ಬಯಕೆ ಮಾತ್ರ. ಪರಿಚಿತ ವಸ್ತುವಿನ ಮೇಲೆ ಹುಟ್ಟುವುದು ಮಮತೆ. ಬಯಕೆ ಬೇರೊಂದು ವಸ್ತುವಿಗೆ ತಿರುಗೀತು. ಮಮತೆ ಅಷ್ಟು ಸುಲಭವಾಗಿ ತಿರುಗದು.

ಅಳಿದ ಮೇಲೆ ಬೆಳೆದ ಉದ್ಯಮ

ಈ ಕಾರುಗಳ ಮೊದಲ ಆಯುಷ್ಯ ಹತ್ತು ವರ್ಷವೂ ಇರಲಿಲ್ಲ. ವಿಮಾ ಕಂಪನಿಗಳು ಯುವ ಚಾಲಕರ ಮೇಲೆ ಭಾರಿ ಕಂತು ಹೇರಿದವು. 1970ರ ಶುದ್ಧ ವಾಯು ಕಾಯಿದೆ ಹೊಗೆಗೆ ಮಿತಿ ವಿಧಿಸಿತು. ಸೀಸದ ಪ್ರಮಾಣ ತಗ್ಗಿಸಿದ ಪೆಟ್ರೋಲಿಗಾಗಿ 1971ರಿಂದ ಎಂಜಿನ್ನುಗಳ ಒತ್ತಡವನ್ನು ಇಳಿಸಲಾಯಿತು. 1973ರ ಅಕ್ಟೋಬರಿನ ತೈಲ ನಿರ್ಬಂಧವು ಕೊನೆಯ ಪೆಟ್ಟು ಕೊಟ್ಟಿತು. ಪೆಟ್ರೋಲ್ ಬಂಕುಗಳ ಮುಂದೆ ಸಾಲು ನಿಂತ ಜನ ಈ ಹೊಟ್ಟೆಬಾಕ ಕಾರುಗಳನ್ನು ಸಿಕ್ಕಿದ ಬೆಲೆಗೆ ಮಾರಿದರು. ಅನೇಕವು ಗುಜರಿ ಸೇರಿದವು.

ಲೆಕ್ಕಾಚಾರದ ಪ್ರಕಾರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಂದಿನ ಸೀಟಿನ ಹುಡುಗರು ಎಂಬತ್ತರ ದಶಕದಲ್ಲಿ ಮೂವತ್ತು ದಾಟಿದರು. ಅವರ ಕೈಯಲ್ಲಿ ಸಂಬಳವಿತ್ತು, ಮನೆಗೆ ಗ್ಯಾರೇಜು ಇತ್ತು. ಮುರುಕು ಕಾರುಗಳನ್ನು ಹುಡುಕಿ ತಂದು ದುರಸ್ತಿಗೆ ತೊಡಗಿದರು. ಆಗ ಎದುರಾದ ಪ್ರಶ್ನೆ ಒಂದೇ: ಬಿಡಿಭಾಗ ಎಲ್ಲಿ?

ಈ ಪ್ರಶ್ನೆಗೆ ಉತ್ತರವಾಗಿ ಸಣ್ಣ ಸಣ್ಣ ಉದ್ಯಮಗಳು ತಲೆಯೆತ್ತಿದವು. 1981ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಆರಂಭವಾದ ‘ಇಯರ್ ಒನ್’ ಎಂಬ ಸಂಸ್ಥೆ ಹಳೆಯ ಮಸಲ್ ಕಾರುಗಳ ಬಿಡಿಭಾಗಗಳನ್ನು ಅಂಚೆಯ ಮೂಲಕ ಮಾರಿ ಬೆಳೆಯಿತು. ಡೆಟ್ರಾಯಿಟ್‌ನ ತಯಾರಕರು ತಮ್ಮ ಹಳೆಯ ನಕ್ಷೆ, ಲಾಂಛನಗಳ ಬಳಕೆಗೆ ಸಣ್ಣ ತಯಾರಕರಿಗೆ ಪರವಾನಗಿ ಕೊಟ್ಟು ಗೌರವಧನ ಪಡೆಯಲಾರಂಭಿಸಿದರು. ಇಂದು 1969ರ ಕ್ಯಾಮರೋ ಕಾರಿನ ಇಡೀ ಉಕ್ಕಿನ ಮೈಯನ್ನೇ ಹೊಸದಾಗಿ ಕೊಳ್ಳಬಹುದು. ಮಿಚಿಗನ್ ರಾಜ್ಯದ ‘ಹ್ಯಾಗರ್ಟಿ’ ಎಂಬ ಸಂಸ್ಥೆ 1984ರಲ್ಲಿ ಮರದ ದೋಣಿಗಳಿಗೆ ವಿಮೆ ಮಾಡುತ್ತ ಪ್ರಾರಂಭವಾದದ್ದು. ಹಳೆಯ ಕಾರಿಗೆ ಸವಕಳಿ ಲೆಕ್ಕ ಬಿಟ್ಟು, ಇಬ್ಬರೂ ಒಪ್ಪಿದ ಮೌಲ್ಯಕ್ಕೆ ವಿಮೆ ಕೊಡುವ ಪದ್ಧತಿಯಿಂದ ಬೆಳೆದು 2021ರಲ್ಲಿ ನ್ಯೂಯಾರ್ಕಿನ ಷೇರುಪೇಟೆಯಲ್ಲಿ ನೋಂದಣಿಯಾಯಿತು. 1963ರಲ್ಲಿ ವೇಗವರ್ಧಕ ಬಿಡಿಭಾಗಗಳ ತಯಾರಕರು ಕಟ್ಟಿಕೊಂಡ ‘ಸೀಮಾ’ ಎಂಬ ಸಂಘವು ಇಂದು ಲಾಸ್ ವೇಗಾಸ್‌ನಲ್ಲಿ ಪ್ರತಿವರ್ಷ ಬೃಹತ್ ವಾಣಿಜ್ಯ ಮೇಳ ನಡೆಸುತ್ತದೆ. ಹೊಸ ಕಾರುಗಳ ಅಲಂಕಾರ ಸಾಮಗ್ರಿಯನ್ನೂ ಒಳಗೊಂಡಂತೆ ತನ್ನ ಕ್ಷೇತ್ರದ ವಾರ್ಷಿಕ ವಹಿವಾಟು 50 ಶತಕೋಟಿ ಡಾಲರಿಗೂ ಮಿಗಿಲೆಂದು ಆ ಸಂಘ ಅಂದಾಜು ಮಾಡಿದೆ.

ನಮ್ಮಂತಹ ವಾಣಿಜ್ಯ ಸಂಸ್ಥೆಗಳು ವಿಶೇಷವಾಗಿ ಗಮನಿಸಬೇಕಾದದ್ದು ಈ ಸಂಘದ ಕಾರ್ಯವೈಖರಿ. ಅದರ ದೀರ್ಘ ಪ್ರಯತ್ನದ ಫಲವಾಗಿ 2015ರಲ್ಲಿ ಅಮೆರಿಕದ ಸಂಸತ್ತು ಕಾನೂನೊಂದನ್ನು ಅಂಗೀಕರಿಸಿತು. 25 ವರ್ಷಕ್ಕಿಂತ ಹಳೆಯ ಕಾರುಗಳ ಪ್ರತಿರೂಪಗಳನ್ನು ಸಣ್ಣ ತಯಾರಕನೊಬ್ಬನು ವರ್ಷಕ್ಕೆ 325ರವರೆಗೆ ಸರಳ ನಿಯಮಗಳಡಿ ತಯಾರಿಸಿ ಮಾರಬಹುದು ಎಂಬುದು ಅದರ ಸಾರ. ನಿಯಮಗಳು ಅಂತಿಮಗೊಳ್ಳಲು 2021 ಆಯಿತು. ವಿಳಂಬವಾದರೂ, ಆರು ವರ್ಷ ಬೆನ್ನು ಬಿಡದೆ ಅದನ್ನು ದಡ ಸೇರಿಸಿದ್ದು ಉದ್ಯಮಿಗಳ ಸಂಘಟಿತ ಶಕ್ತಿ.

ವುಡ್‌ವರ್ಡ್ ಬೀದಿಯಲ್ಲಿ ಕಂಡದ್ದು

2017ರ ಆಗಸ್ಟಿನಲ್ಲಿ ಡೆಟ್ರಾಯಿಟ್ ಸಮೀಪ ವಾಸವಾಗಿರುವ ನನ್ನ ತಂಗಿಯ ಮಗನ ಮನೆಗೆ ಹೋಗಿದ್ದೆ. ಆತ ಅಲ್ಲಿನ ವಾಹನೋದ್ಯಮದಲ್ಲಿ ಎಂಜಿನಿಯರು. “ಮಾವ, ನೀವು ಜೀವನಪೂರ್ತಿ ಕಾರಿನ ರಬ್ಬರು ಮಾಡಿದವರು, ಇದನ್ನು ನೋಡದೆ ಹೋಗಬಾರದು” ಎಂದು ವುಡ್‌ವರ್ಡ್ ಅವೆನ್ಯೂಗೆ ಕರೆದೊಯ್ದನು. ಅರವತ್ತರ ದಶಕದಲ್ಲಿ ಯುವಕರು ಸಂಜೆಯ ಹೊತ್ತು ಕಾರು ಪಂದ್ಯ ಕಟ್ಟುತ್ತಿದ್ದ ಬೀದಿ ಅದು. 1995ರಲ್ಲಿ ಫರ್ನ್‌ಡೇಲ್ ಎಂಬ ಪಟ್ಟಣದವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು ಅಲ್ಲಿ ಹಳೆಯ ಕಾರುಗಳ ಮೆರವಣಿಗೆ ಏರ್ಪಡಿಸಿದರು. ಕೆಲವು ಸಾವಿರ ಜನರ ನಿರೀಕ್ಷೆಯಲ್ಲಿದ್ದವರ ಮುಂದೆ ಸುಮಾರು ಎರಡೂವರೆ ಲಕ್ಷ ಮಂದಿ ನೆರೆದರಂತೆ. ಅಂದಿನಿಂದ ಅದು ಆಗಸ್ಟ್ ತಿಂಗಳ ವಾರ್ಷಿಕ ಉತ್ಸವವಾಗಿದೆ.

ರಸ್ತೆಯ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಅಜ್ಜ, ಮಗ, ಮೊಮ್ಮಗ ಸಾಲಾಗಿ ಕುಳಿತಿದ್ದ ದೃಶ್ಯ ನನ್ನ ಕಣ್ಣಿನಲ್ಲಿ ಇನ್ನೂ ಇದೆ. 1964ರ ಜಿ.ಟಿ.ಓ. ಒಂದನ್ನು ನಿಲ್ಲಿಸಿಕೊಂಡಿದ್ದ, ಅರವತ್ತು ದಾಟಿದ ಒಬ್ಬರನ್ನು ಮಾತನಾಡಿಸಿದೆ. ತಮ್ಮ ಹತ್ತನೆಯ ವಯಸ್ಸಿನಲ್ಲಿ ತಂದೆ ಟೆಂಪೆಸ್ಟ್ ಕೊಂಡದ್ದನ್ನೂ, ಅದರಲ್ಲಿ ಐದು ಜನ ಮಕ್ಕಳು ತುಂಬಿಕೊಂಡು ಪ್ರತಿ ಬೇಸಿಗೆ ಸರೋವರದ ದಂಡೆಗೆ ಹೋಗುತ್ತಿದ್ದುದನ್ನೂ ಹೇಳಿದರು. ವೇಗ, ಅಶ್ವಶಕ್ತಿಗಳ ಬಗ್ಗೆ ನಾನು ಕೇಳಿದ ಪ್ರಶ್ನೆಗಳಿಗೆ ಅವರು ಅಷ್ಟಾಗಿ ಉತ್ಸಾಹ ತೋರಲಿಲ್ಲ. ಬಾಗಿಲು ತೆರೆದು, ಅದನ್ನು ಮುಚ್ಚುವಾಗ ಬರುವ ಸದ್ದನ್ನು ಕೇಳೆಂದರು. ತಂದೆ ಕೆಲಸದಿಂದ ಮನೆಗೆ ಬಂದರೆಂದು ತಿಳಿಯುತ್ತಿದ್ದುದು ಆ ಸದ್ದಿನಿಂದಲೇ ಎಂದರು. ಬಾಗಿಲ ಸುತ್ತಲಿನ ರಬ್ಬರು ಹೊಚ್ಚ ಹೊಸದಾಗಿತ್ತು. ಅದು ಸರಿಯಾಗಿ ಕೂರದಿದ್ದರೆ ಆ ಸದ್ದು ಬರುವುದಿಲ್ಲ ಎಂಬುದು ನನ್ನ ಕಸುಬಿನವರಿಗೆ ಗೊತ್ತು. ಅದನ್ನು ತಯಾರಿಸಿದ ಕಾರ್ಖಾನೆ ಯಾವುದೋ, ಅದರ ಮಾಲೀಕನಿಗೆ ನಾನು ಮನಸ್ಸಿನಲ್ಲಿಯೇ ನಮಸ್ಕರಿಸಿದೆ.

2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜೊಂದರಲ್ಲಿ 1968ರ ಹಸಿರು ಮಸ್ಟಾಂಗ್ ಜಿ.ಟಿ. ಒಂದು 34 ಲಕ್ಷ ಡಾಲರಿಗೆ, ಶುಲ್ಕ ಸೇರಿದರೆ 37.4 ಲಕ್ಷಕ್ಕೆ ಹೋಯಿತು. ‘ಬುಲಿಟ್’ ಚಲನಚಿತ್ರದಲ್ಲಿ ಸ್ಟೀವ್ ಮ್ಯಾಕ್ವೀನ್ ಓಡಿಸಿದ್ದ ಕಾರದು. 1974ರಲ್ಲಿ ಅದನ್ನು ಕೊಂಡಿದ್ದ ನ್ಯೂಜೆರ್ಸಿಯ ಕುಟುಂಬ ಅದನ್ನು ಗಾಜಿನ ಕೋಣೆಯಲ್ಲಿಟ್ಟಿರಲಿಲ್ಲ. ಮನೆಯೊಡತಿ ಶಾಲಾ ಶಿಕ್ಷಕಿ. ಪಾಠ ಹೇಳಲು ಅದರಲ್ಲಿಯೇ ಹೋಗಿಬರುತ್ತಿದ್ದರು. ಮ್ಯಾಕ್ವೀನ್ ಅವರೇ 1977ರಲ್ಲಿ ಪತ್ರ ಬರೆದು ಮರಳಿ ಕೊಡುವಂತೆ ಕೇಳಿದರೂ ಕೊಡಲಿಲ್ಲ. 1980ರಲ್ಲಿ ಕ್ಲಚ್ ಕೆಟ್ಟು ಮೂಲೆ ಸೇರಿದ ಕಾರನ್ನು ದಶಕಗಳ ನಂತರ ಮಗನು ಎಚ್ಚರಗೊಳಿಸಿದನು. ಹರಾಜು ಕೂಗುವವರು ಚಿತ್ರನಟನ ಹೆಸರಿಗೆ ಬೆಲೆ ಕಟ್ಟಿರಬಹುದು. ಅಷ್ಟು ವರ್ಷ ಆ ಕಾರು ಗುಜರಿಗೆ ಹೋಗದಂತೆ ಕಾದದ್ದು ಮಾತ್ರ ಅದು ಮನೆಯ ಕಾರಾಗಿದ್ದುದೇ.

ನೆನಪನ್ನು ನಕಲು ಮಾಡಲಾಗದು

ಇಷ್ಟನ್ನು ಕೇಳಿ, ಹಳೆಯ ಹೆಸರೊಂದನ್ನು ಹೊಸ ಸರಕಿಗೆ ಅಂಟಿಸಿದರಾಯಿತು ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. 2004ರಲ್ಲಿ ಪಾಂಟಿಯಾಕ್ ಜಿ.ಟಿ.ಓ. ಹೆಸರನ್ನು ಮರಳಿ ತಂದಿತು. ಆಸ್ಟ್ರೇಲಿಯಾದ ಹೋಲ್ಡನ್ ಮೊನಾರೊ ಎಂಬ ಕಾರಿಗೆ ಆ ಹೆಸರಿಟ್ಟಿತು. ಕಾರು ವೇಗವಾಗಿತ್ತು, ದೃಢವಾಗಿತ್ತು, ಎಲ್ಲ ದೃಷ್ಟಿಯಿಂದಲೂ ಹಳೆಯದಕ್ಕಿಂತ ಉತ್ತಮವಾಗಿತ್ತು. ಆದರೆ ಅದರ ರೂಪದಲ್ಲಿ ಯಾರ ತಂದೆಯ ಕಾರೂ ಕಾಣಲಿಲ್ಲ. ಮೂರು ವರ್ಷಗಳಲ್ಲಿ ಸುಮಾರು 40 ಸಾವಿರ ಮಾರಾಟವಾಗಿ ನಿಂತಿತು. 2010ರಲ್ಲಿ ಪಾಂಟಿಯಾಕ್ ವಿಭಾಗವೇ ಮುಚ್ಚಿತು. ಇದಕ್ಕೆ ಪ್ರತಿಯಾಗಿ, ಅರವತ್ತರ ದಶಕದ ರೇಖೆಗಳನ್ನು ಶ್ರದ್ಧೆಯಿಂದ ಮರಳಿ ತಂದ 2005ರ ಮಸ್ಟಾಂಗ್, ಅದೊಂದೇ ವರ್ಷ ಅಮೆರಿಕದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 2008ರ ಡಾಡ್ಜ್ ಚಾಲೆಂಜರ್ ಕೂಡ 1970ರ ರೂಪವನ್ನೇ ತೊಟ್ಟು ಬಂದು ಹದಿನೈದು ವರ್ಷ ನಡೆಯಿತು. 2023ರ ಡಿಸೆಂಬರಿನಲ್ಲಿ ಅದರ ತಯಾರಿಕೆ ನಿಂತಿತು. ಕ್ಯಾಮರೋ ಕೂಡ ಅದೇ ತಿಂಗಳು ನಿಂತಿತು. 2024ರಲ್ಲಿ ಬಂದ ವಿದ್ಯುಚ್ಚಾಲಿತ ಡಾಡ್ಜ್ ಚಾರ್ಜರ್‌ಗೆ ಎಂಜಿನ್ನಿನಂತಹ ಕೃತಕ ಸದ್ದನ್ನೂ ಜೋಡಿಸಲಾಗಿತ್ತು. ಗ್ರಾಹಕನ ಕಿವಿಯಲ್ಲಿ ಉಳಿದಿರುವುದೇನೆಂದು ತಯಾರಕರಿಗೆ ಗೊತ್ತು. ಅದನ್ನು ಯಂತ್ರದಿಂದ ಹೊರಡಿಸಿ ನಂಬಿಸುವುದು ಮಾತ್ರ ಸುಲಭವಲ್ಲ.

ಈ ಒಲವಿನ ದೋಷಗಳನ್ನು ಮರೆಮಾಚುವುದು ನನ್ನ ಉದ್ದೇಶವಲ್ಲ. ಆ ಕಾರುಗಳು ಪೆಟ್ರೋಲನ್ನು ಕುಡಿಯುತ್ತಿದ್ದವು. ಅವುಗಳಲ್ಲಿ ಅನೇಕದರ ಬ್ರೇಕುಗಳು ಎಂಜಿನ್ನಿಗೆ ಸರಿಸಾಟಿಯಾಗಿರಲಿಲ್ಲ. ಪ್ರಾಣ ಕಳೆದುಕೊಂಡ ಯುವಕರೂ ಉಂಟು. ಹರಾಜಿನ ಬೆಲೆಗಳು ಸಾಮಾನ್ಯ ಸಂಬಳದಾರನನ್ನು ತನ್ನ ಬಾಲ್ಯದಿಂದಲೇ ಹೊರಗಿಟ್ಟಿವೆ. ಅಲ್ಲದೆ ಪ್ರತಿ ಪೀಳಿಗೆಯ ಮಮತೆ ಆ ಪೀಳಿಗೆಯೊಡನೆಯೇ ವೃದ್ಧಾಪ್ಯಕ್ಕೆ ಸಂದುತ್ತದೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಬೆಳೆದ ಅಮೆರಿಕನ್ನರು ಅಂದಿನ ಮಸ್ಟಾಂಗನ್ನೂ, ಜಪಾನಿನ ಕಾರುಗಳನ್ನೂ ಹುಡುಕುತ್ತಿದ್ದಾರೆ. ಆದರೆ ಈ ಕೊನೆಯ ಆಕ್ಷೇಪವು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ದುರ್ಬಲಗೊಳಿಸುವುದಿಲ್ಲ. ವಸ್ತು ಬದಲಾಗುತ್ತದೆ, ಹಿಂದಿನ ಸೀಟು ಬದಲಾಗುವುದಿಲ್ಲ.

ನಾನು ತೂಕಕ್ಕೆ ಹಾಕಿದ ನೆನಪು

ಇನ್ನು ನನ್ನ ನಷ್ಟದ ಮಾತು. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ರಬ್ಬರ್ ಘಟಕ. 1980ರ ದಶಕದಲ್ಲಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳಿಗೆ ಡೋರ್ ಬೀಡಿಂಗ್, ಎಂಜಿನ್ ಮೌಂಟಿಂಗ್, ಪೆಡಲ್ ರಬ್ಬರುಗಳನ್ನು ತಯಾರಿಸಿ ಬಿಡಿಭಾಗದ ಅಂಗಡಿಗಳಿಗೆ ಸರಬರಾಜು ಮಾಡುತ್ತಿದ್ದೆವು. 2000ದ ಸುಮಾರಿಗೆ ಪದ್ಮಿನಿಯ ತಯಾರಿಕೆ ನಿಂತಿತು. 2003ರಲ್ಲಿ ಷೆಡ್ಡಿನಲ್ಲಿ ಜಾಗ ಸಾಲದೆಂದು ಹಳೆಯ ಮೋಲ್ಡುಗಳನ್ನೆಲ್ಲ ಗುಜರಿಯವರಿಗೆ ಕಬ್ಬಿಣದ ತೂಕಕ್ಕೆ ಕೊಟ್ಟೆ. ಅಂದು ಅದು ಜಾಣತನವೆಂದೇ ಎಣಿಸಿದ್ದೆ.

2016ರಲ್ಲಿ ಮೈಸೂರಿನಿಂದ ದಂತವೈದ್ಯರೊಬ್ಬರು ಘಟಕವನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಒಣಗಿ ಸೀಳಿದ್ದ ಬೀಡಿಂಗಿನ ತುಂಡು. ಅದರ ಒಳಮೈಯಲ್ಲಿ ನಮ್ಮ ಘಟಕದ ಗುರುತು. “ಸಾರ್, ಇದು ನಮ್ಮ ತಂದೆಯವರ ಗಾಡಿ. ಅವರು ಹೋಗಿ ಎರಡು ವರ್ಷವಾಯಿತು. ನಾಲ್ಕು ಬಾಗಿಲಿಗೆ ಆಗುವಷ್ಟು ಮಾಡಿಕೊಡಿ, ಎಷ್ಟಾದರೂ ಕೊಡುತ್ತೇನೆ” ಎಂದರು. ಮೋಲ್ಡ್ ಇಲ್ಲವೆಂದು ಹೇಳಿ ಕಳುಹಿಸಿದೆ. ಆ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಅವರು ಹೊರಟ ರೀತಿಯನ್ನು ನಾನು ಮರೆತಿಲ್ಲ. ಅವರ ನಂತರವೂ ಅನೇಕರು ಕೇಳಿ ಬಂದಿದ್ದಾರೆ. ಮುಂದಿನ ವರ್ಷ ವುಡ್‌ವರ್ಡ್ ಬೀದಿಯಲ್ಲಿ ಆ ಬಾಗಿಲ ಸದ್ದನ್ನು ಕೇಳಿದಾಗ ನನ್ನ ಮನಸ್ಸಿಗೆ ಬಂದದ್ದು ಈ ವೈದ್ಯರೇ. ಅಮೆರಿಕದಲ್ಲಿ ಒಬ್ಬನು ಮಾಡಿದ ಕೆಲಸವನ್ನು ಪೀಣ್ಯದಲ್ಲಿ ನಾನು ಕೈಯಾರೆ ತೂಕಕ್ಕೆ ಹಾಕಿದ್ದೆ.

ನಮ್ಮಲ್ಲಿ ಮಸಲ್ ಕಾರು ಹುಟ್ಟಲಿಲ್ಲ ನಿಜ. 1984ರಿಂದ 2002ರವರೆಗೆ ಬಂದ ಕಾಂಟೆಸ್ಸಾವನ್ನು ಅದರ ಅಭಿಮಾನಿಗಳು ಆ ಹೆಸರಿನಿಂದ ಕರೆಯುತ್ತಾರೆ. ಎಂಜಿನ್ನಿಗಿಂತ ಹೆಚ್ಚಾಗಿ ರೂಪಕ್ಕೆ ಸಂದ ಬಿರುದು ಅದು. ಆದರೆ ಮಮತೆ ಹುಟ್ಟುವ ಬಗೆ ಒಂದೇ. 2014ರವರೆಗೆ ತಯಾರಾದ ಅಂಬಾಸಿಡರ್, 1983ರಲ್ಲಿ ಬಂದ ಮಾರುತಿ 800, ಇವುಗಳ ಹಿಂದಿನ ಸೀಟಿನಲ್ಲಿ ಬೆಳೆದವರು ಇಂದು ನಲವತ್ತು, ಐವತ್ತರ ಪ್ರಾಯದ ಸಂಪಾದನೆಗಾರರು.

ಅವರಿಗೆ ಎದುರಾಗಿರುವ ತೊಡಕು ಬಿಡಿಭಾಗದ ಕೊರತೆಯೊಂದೇ ಅಲ್ಲ. 2021ರ ಜುಲೈನಲ್ಲಿ ಕೇಂದ್ರ ಸರಕಾರವು ಪಾರಂಪರಿಕ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮಗಳನ್ನು ತಂದದ್ದು ಸ್ವಾಗತಾರ್ಹ. ಆದರೆ ಅದಕ್ಕೆ 50 ವರ್ಷ ತುಂಬಿರಬೇಕು. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ. ಇದರಂತೆ ಮೊದಲ ಮಾರುತಿ 800 ಪಾರಂಪರಿಕವೆನಿಸುವುದು 2033ರಲ್ಲಿ. ಅಲ್ಲಿಯವರೆಗೆ ಅದು ಕಾನೂನಿನ ಕಣ್ಣಿನಲ್ಲಿ ಹಳೆಯ ವಾಹನ ಮಾತ್ರ. ಅರ್ಹತಾ ಪರೀಕ್ಷೆ, ಮರುನೋಂದಣಿ ಶುಲ್ಕ, ಗುಜರಿ ನೀತಿಗಳ ಒತ್ತಡಕ್ಕೆ ಸಿಲುಕಿದ್ದು. ಡೆಟ್ರಾಯಿಟ್ ಇರುವ ಮಿಚಿಗನ್ ರಾಜ್ಯದಲ್ಲಿ 25 ವರ್ಷ ದಾಟಿದ ಕಾರಿಗೆ ಐತಿಹಾಸಿಕ ವಾಹನದ ಫಲಕ ದೊರೆಯುತ್ತದೆ. ಮಾಲೀಕನು ಬದುಕಿ, ದುಡಿದು, ಖರ್ಚು ಮಾಡಬಲ್ಲ ವಯಸ್ಸಿನಲ್ಲಿರುವಾಗಲೇ ಅವನ ಬಾಲ್ಯದ ಕಾರಿಗೆ ಮಾನ್ಯತೆ ಸಿಗುವುದರಿಂದ ಅಲ್ಲಿ ಅದರ ಸುತ್ತ ಉದ್ಯಮ ಬೆಳೆಯಿತು.

ಆದುದರಿಂದ ನಮ್ಮ ಸಂಸ್ಥೆಯ ಮುಂದೆ ಮೂರು ಸಲಹೆಗಳನ್ನು ವಿನಮ್ರವಾಗಿ ಇಡುತ್ತೇನೆ. ಮೊದಲನೆಯದು, 25ರಿಂದ 50 ವರ್ಷದ ನಡುವಿನ, ಸುಸ್ಥಿತಿಯಲ್ಲಿರುವ, ಮಿತವಾಗಿ ಬಳಕೆಯಾಗುವ ಖಾಸಗಿ ವಾಹನಗಳಿಗೆ ಪ್ರತ್ಯೇಕ ವರ್ಗವೊಂದನ್ನು ರಚಿಸುವಂತೆ ಸರಕಾರಕ್ಕೆ ಮನವಿ ಸಲ್ಲಿಸಬೇಕು. ದಿನನಿತ್ಯ ಓಡುವ ಹೊಗೆಯ ವಾಹನಗಳಿಗೆ ಈ ರಿಯಾಯಿತಿ ಬೇಡ. ವರ್ಷಕ್ಕೆ ಇಂತಿಷ್ಟೇ ಕಿಲೋಮೀಟರ್ ಎಂಬ ಮಿತಿ ಇರಲಿ. ಎರಡನೆಯದು, ಸದಸ್ಯ ಘಟಕಗಳಲ್ಲಿ ಉಳಿದಿರುವ ಹಳೆಯ ಮೋಲ್ಡ್, ಡೈ, ನಕ್ಷೆಗಳ ಪಟ್ಟಿಯೊಂದನ್ನು ಸಂಸ್ಥೆ ಸಿದ್ಧಪಡಿಸಬೇಕು. ಯಾರ ಬಳಿ ಏನಿದೆ ಎಂಬುದು ತಿಳಿದರೆ ಬೇಡಿಕೆ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. ಮೂರನೆಯದು, ತಯಾರಿಕೆ ನಿಂತ ಮಾದರಿಗಳ ಬಿಡಿಭಾಗಗಳನ್ನು ಸಣ್ಣ ಘಟಕಗಳು ಅಧಿಕೃತ ಪರವಾನಗಿಯಡಿ ತಯಾರಿಸಲು ದೊಡ್ಡ ತಯಾರಕರೊಡನೆ ಸಂಸ್ಥೆಯು ಮಾತುಕತೆ ನಡೆಸಬೇಕು. ನಕಲಿ ಮಾಲಿನ ಹಾವಳಿಗೂ ಇದು ತಕ್ಕ ಮದ್ದು.

ಇದರಿಂದ ನಾಳೆಯೇ ಕೋಟಿಗಟ್ಟಲೆ ವಹಿವಾಟು ನಡೆದೀತೆಂದು ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿಯೂ ಅದು ಗ್ಯಾರೇಜುಗಳಲ್ಲಿ, ಅಂಚೆಯ ಪಟ್ಟಿಗಳಲ್ಲಿ, ನಾಲ್ಕಾರು ಜನರ ಹುಚ್ಚಿನಲ್ಲಿ ಆರಂಭವಾದದ್ದು. ನನ್ನ ಕೋರಿಕೆ ಸಣ್ಣದು. ನಿಮ್ಮ ಷೆಡ್ಡಿನ ಮೂಲೆಯಲ್ಲಿ ತುಕ್ಕು ಹಿಡಿದ ಅಚ್ಚುಗಳಿದ್ದರೆ, ಅವುಗಳನ್ನು ತಕ್ಕಡಿಗೆ ಹಾಕುವ ಮುನ್ನ ಎಣ್ಣೆ ಹಚ್ಚಿ, ಹೆಸರು ಬರೆದು ಒಂದು ಕಡೆ ಇಡಿ. ಅವುಗಳ ಗ್ರಾಹಕರು ಇನ್ನೂ ಬಂದಿಲ್ಲದಿರಬಹುದು. ನಾನು ಈ ವರ್ಷ ಪದ್ಮಿನಿಯ ಬೀಡಿಂಗಿಗೆ ಹೊಸ ಮೋಲ್ಡ್ ಮಾಡಿಸಲು ಕೊಟ್ಟಿದ್ದೇನೆ. ಮೈಸೂರಿನ ವೈದ್ಯರ ವಿಳಾಸವನ್ನು ಅಂದು ಬರೆದಿಟ್ಟುಕೊಳ್ಳಲಿಲ್ಲ. ಈ ಲೇಖನ ಅವರ ಕಣ್ಣಿಗೆ ಬಿದ್ದರೆ, ದಯವಿಟ್ಟು ಮತ್ತೊಮ್ಮೆ ಘಟಕಕ್ಕೆ ಬರಬೇಕೆಂದು ಕೋರುತ್ತೇನೆ.